ಎಡ ಮಗ್ಗುಲು

ರಿಪೋರ್ಟು ಚೆನ್ನಾಗಿದೆ ಎಂದು ಡಾಕ್ಟರು ಹೇಳಿದಾಗ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಇಪ್ಪತ್ತೆರಡು ವರ್ಷ ಗಂಡನ ಪಕ್ಕ ಮಲಗಿದವಳು ನಾನು. ಇವರ ನಿದ್ದೆ ಹೇಗಿದೆ ಎಂದು ಒಂದು ಕಾಗದ ಬಂದು ನನಗೆ ಪಾಠ ಹೇಳಬೇಕೇ?

ನನ್ನ ಗಂಡ ಎರಕದ ಕಾರ್ಖಾನೆಯಲ್ಲಿ ಕ್ರೇನ್ ಡ್ರೈವರ್. ಮೂರು ಮಹಡಿ ಎತ್ತರದಲ್ಲಿ, ಛಾವಣಿಗೆ ತಗುಲಿಕೊಂಡ ಗಾಜಿನ ಗೂಡಿನಲ್ಲಿ ಕೂತು, ಕರಗಿದ ಕಬ್ಬಿಣ ತುಂಬಿದ ಬಾನಿಯನ್ನು ಕುಲುಮೆಯಿಂದ ಅಚ್ಚುಗಳ ತನಕ ಸಾಗಿಸುವುದು ಇವರ ಕೆಲಸ. ನೆಲದ ಮೇಲೆ ಒಬ್ಬ ಕೈಸನ್ನೆ ಮಾಡುತ್ತಾ ಬಾನಿಯ ಮುಂದೆ ಹಿಮ್ಮುಖವಾಗಿ ನಡೆಯುತ್ತಾನೆ. ಪ್ರತಿ ಸನ್ನೆಗೂ ಮೇಲಿನವರು ಒಂದು ಗಂಟೆ ಬಾರಿಸಿ ಉತ್ತರ ಕೊಡಬೇಕು. ಗಂಟೆ ಕೇಳದಿದ್ದರೆ ಕೆಳಗಿನವನು ದಾರಿ ಬಿಟ್ಟು ಓಡಬೇಕು. ಇವರ ಕ್ರೇನಿಗೆ ಸನ್ನೆ ಮಾಡುವವನು ನನ್ನ ಒಡಹುಟ್ಟಿದ ತಮ್ಮ.

ಈಚೆಗೆ ಇವರ ಬಿಪಿ ಮೂರು ಮಾತ್ರೆಗೂ ಜಗ್ಗುತ್ತಿರಲಿಲ್ಲ. ಎದ್ದ ಕೂಡಲೇ ತಲೆನೋವು, ಮೂಗಿನ ತುದಿಯಲ್ಲೇ ಕೋಪ, ಊಟದ ತಟ್ಟೆಯ ಮುಂದೆಯೇ ತೂಕಡಿಕೆ. ಸಕ್ಕರೆಯೂ ಗಡಿ ದಾಟಿತ್ತು. ಕಾರ್ಖಾನೆಯ ವರ್ಷದ ತಪಾಸಣೆಯಲ್ಲಿ ಇವರ ಕತ್ತಿನ ಸುತ್ತಳತೆ ನೋಡಿ, ಗೊರಕೆಯ ವಿಚಾರ ಕೇಳಿ, ನಿದ್ದೆಯ ಪರೀಕ್ಷೆ ಆಗುವ ತನಕ ಕ್ರೇನ್ ಹತ್ತಕೂಡದು ಎಂದು ಬರೆದುಬಿಟ್ಟರು. ಹಾಗೆ ಈ ಡಾಕ್ಟರ ಹತ್ತಿರ ಬಂದೆವು.

"ಮಲಗಿದಾಗ ಗಂಟಲು ಮುಚ್ಚಿಕೊಳ್ಳತ್ತೆ ಅಮ್ಮ, ಉಸಿರು ನಿಲ್ಲತ್ತೆ" ಎಂದು ಮೊದಲ ದಿನವೇ ಅವರು ಬಿಡಿಸಿ ಹೇಳಿದ್ದರು. "ರಕ್ತದಲ್ಲಿ ಆಮ್ಲಜನಕ ಇಳಿದುಹೋಗತ್ತೆ. ಮೆದುಳು ಗಾಬರಿಬಿದ್ದು ಎಬ್ಬಿಸತ್ತೆ, ಹೃದಯ ಡವಡವ ಅಂತ ಹೊಡ್ಕೊಳ್ಳತ್ತೆ. ಮತ್ತೆ ನಿದ್ದೆ, ಮತ್ತೆ ಅದೇ ಕತೆ. ಗಂಟೆಗೆ ಮೂವತ್ತು ನಲವತ್ತು ಸಲ ಹೀಗಾದ್ರೆ ಬಿಪಿ ಇಳಿಯೋದು ಹೇಗೆ? ಮಲಗಿದ್ದಾರೆ ಅಂತ ನೀವಂದ್ಕೊಂಡಿರ್ತೀರಿ, ಅವರ ಮೈ ಬೆಳಗಾಗೋ ತನಕ ಓಡ್ತಾ ಇರತ್ತೆ."

ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು, ಮೂಗಿಗೆ ಸಣ್ಣ ಕೊಳವೆ ಇರುವ ಯಂತ್ರವೊಂದನ್ನು ಮನೆಗೆ ಕೊಟ್ಟು ಕಳಿಸಿದ್ದರು. ಒಂದು ರಾತ್ರಿ ಕಟ್ಟಿಕೊಂಡು ಮಲಗಬೇಕು, ಅಷ್ಟೆ. ಈಗ ಅದರ ರಿಪೋರ್ಟು ಮೇಜಿನ ಮೇಲಿತ್ತು.

"ಗಂಟೆಗೆ ನಾಲ್ಕೇ ಸಲ. ಅದು ಲೆಕ್ಕಕ್ಕಿಲ್ಲ ಬಿಡಿ" ಎಂದು ಡಾಕ್ಟರು ಕ್ರೇನ್ ಹತ್ತಬಹುದೆಂಬ ಕಾಗದಕ್ಕೆ ಸಹಿ ಹಾಕಿದರು. "ಒಳ್ಳೇ ಅಭ್ಯಾಸ ಇದೆ ನಿಮಗೆ. ಇಡೀ ರಾತ್ರಿ ಎಡ ಮಗ್ಗುಲಲ್ಲೇ ಮಲಗಿದ್ದೀರಿ."

ಇವರು ಕಾಗದ ಜೇಬಿಗಿಳಿಸಿ ನಕ್ಕರು. ಮದುವೆಯ ದಿನವೂ ಅಷ್ಟು ಹಲ್ಲು ಬಿಟ್ಟಿರಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ನನಗೆ ಹೊಳೆಯಿತು. ಇವರು ಅಂಗಾತ ಮಲಗುವ ಮನುಷ್ಯ. ಎಡ ಮಗ್ಗುಲಿಗೆ ಹೊರಳಿಸುವವಳು ನಾನು. ಗೊರಕೆಗೆ ಯಾವತ್ತೋ ಒಗ್ಗಿಹೋಗಿದ್ದೆ. ಅದು ನಿಂತರೆ ಮಾತ್ರ ನನಗೆ ಎಚ್ಚರವಾಗುತ್ತಿತ್ತು. ಕಣ್ಣು ಬಿಡುವ ಮೊದಲೇ ಕೈ ಎದ್ದು ಇವರ ಭುಜ ನೂಕಿ, ಬೆನ್ನಿಗೆ ದಿಂಬು ಒತ್ತಿಬಿಡುತ್ತಿತ್ತು. ಮಗ್ಗುಲಾದರೆ ಉಸಿರು ಸಲೀಸು. ಬೇರೆ ದಿನ ದಣಿದು ಎಷ್ಟೋ ಸಲ ಏಳುತ್ತಿರಲಿಲ್ಲ, ಪರೀಕ್ಷೆಯ ರಾತ್ರಿ ಯಂತ್ರದ ಚಿಂತೆಗೆ ಪ್ರತಿ ಸಲವೂ ಎದ್ದು ಅದನ್ನೇ ಮಾಡಿದ್ದೆ. ವೈರು ಕಿತ್ತೀತು ಎಂದು ಜೋಪಾನವಾಗಿ, ಒಂದು ಕೈಯಲ್ಲಿ ಪಟ್ಟಿ ಹಿಡಿದುಕೊಂಡು ಮಾಡಿದ್ದೆ. ನನ್ನ ಕೈ ಸುಡಲಿ ಅನ್ನಿಸಿತು.

ಮನೆ ಸೇರಿದ ಕೂಡಲೇ ಇವರಿಗೆ ಹೇಳಿದೆ. "ರೀ, ಆ ರಿಪೋರ್ಟು ನಿಮ್ಮದಲ್ಲ. ನಾನು ರಾತ್ರಿಯೆಲ್ಲಾ ನಿಮ್ಮನ್ನ ನೂಕ್ತಾ ಇದ್ದೆ. ಇನ್ನೊಂದು ಸಲ ಪರೀಕ್ಷೆ ಮಾಡಿಸೋಣ."

ಇವರ ಮುಖ ಕೆಂಪಾಯಿತು. "ಬಾಯಿ ಮುಚ್ಕೊಂಡು ಇರೇ. ನಾಳೆಯಿಂದ ನಮ್ಮ ತಂಡಕ್ಕೆ ಎರಡು ಗಂಟೆ ಪಾಳಿ, ಹತ್ತಬೇಕು ನಾನು. ಕ್ರೇನಿಂದ ಇಳಿಸಿದ್ರೆ ಮರಳು ಗುಡಿಸೋಕೆ ಹಾಕ್ತಾರೆ. ಹತ್ತೊಂಬತ್ತು ವರ್ಷ ಒಂದು ಹನಿ ಚೆಲ್ಲದೆ ಬಾನಿ ಇಳಿಸಿದೀನಿ. ನನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ತೀಯಾ?"

"ನಿಮ್ಮ ಬಾನಿ ಕೆಳಗೆ ಇರೋನು ನನ್ನ ತಮ್ಮ" ಎಂದೆ.

"ನಿನ್ನ ತಮ್ಮನಿಗೆ ನಾನೇನು ಮಾಡಿದೀನೇ? ಕೇಳು ಅವನನ್ನೇ."

ಕೇಳಲು ಕರೆ ಕಳಿಸಬೇಕಾಗಲಿಲ್ಲ. ರಿಪೋರ್ಟಿನ ಸುದ್ದಿ ತಿಳಿಯಲು ತಮ್ಮ ಬೆಳಗಿನ ಪಾಳಿ ಮುಗಿಸಿ ಮಸಿ ಅಂಗಿಯಲ್ಲೇ ಬಂದ. ಇವರು ಕಾಗದ ತೋರಿಸಿದರು. ಅವನು ಅದನ್ನು ಓದಿ, ಮಡಚಿ, ನನ್ನ ಹೊಲಿಗೆ ಮಷೀನಿನ ಮೇಲಿಟ್ಟ.

"ಏನೋ, ನಾಲಿಗೆ ಬಿದ್ದುಹೋಯ್ತಾ?" ಎಂದು ನಾನೇ ಗದರಿದೆ.

"ಭಾವ, ಹೋದ ತಿಂಗಳು ಬಾನಿ ನಿಲ್ಲಲಿಲ್ಲ ಅಲ್ವಾ, ಬ್ರೇಕು ಹಿಡೀಲಿಲ್ಲ ಅಂತ ನಾನು ಬರೆಸಿದ್ದೆ. ಬ್ರೇಕು ಸರಿಯಾಗೇ ಇತ್ತು."

ಇವರು ಕುರ್ಚಿಯಲ್ಲಿ ನೆಟ್ಟಗಾದರು.

"ನಿಲ್ಲಿಸಿ ಅಂತ ಎರಡೂ ಕೈ ಎತ್ತಿದೆ, ಗಂಟೆ ಬರಲಿಲ್ಲ. ಬಾನಿ ಬರ್ತಾನೇ ಇತ್ತು. ಹಿಂದೆ ಅಚ್ಚಿನ ಹಳ್ಳದಲ್ಲಿ ನಾಲ್ಕು ಜನ ಬಗ್ಗಿ ಕೆಲಸ ಮಾಡ್ತಿದ್ರು. ನಾನು ಓಡಿದ್ರೆ ಅವರು ಸುಟ್ಟುಹೋಗ್ತಿದ್ರು. ಸಲಾಕೆ ತಗೊಂಡು ಕಂಬಕ್ಕೆ ಬಡಿದೆ, ಬಡಿದೆ. ಆಮೇಲೆ ನಿಲ್ಲಿಸಿದ್ರಿ." ಅವನು ಇವರ ಕಡೆಗೆ ತಿರುಗಿದ. "ನಿಮ್ಮ ಗದ್ದ ಎದೆ ಮೇಲಿತ್ತು ಭಾವ. ಗಾಜಲ್ಲಿ ಕಾಣ್ತಿತ್ತು."

ಒಂದು ತಿಂಗಳು ಇಬ್ಬರಿಗೂ ಬಡಿಸಿದ್ದೇನೆ, ಇಬ್ಬರನ್ನೂ ಬೈದಿದ್ದೇನೆ. ಒಂದು ಮಾತೂ ಹೊರಗೆ ಬಂದಿರಲಿಲ್ಲ. "ಅಕ್ಕನ ಹತ್ತಿರವೂ ಬಚ್ಚಿಟ್ಯೇನೋ ಪಾಪಿ" ಎಂದು ಅವನ ಬೆನ್ನಿಗೆ ಒಂದು ಗುದ್ದಿದೆ. ಅವನು ತಪ್ಪಿಸಿಕೊಳ್ಳಲಿಲ್ಲ.

ಇವರು ಮಷೀನಿನ ಮೇಲಿನ ಕಾಗದ ತೆಗೆದು ಮತ್ತೆ ಜೇಬಿಗಿಳಿಸಿದರು. "ನಂಗೆ ನೆನಪೇ ಇಲ್ವಲ್ಲೋ" ಎಂದರು. ಮತ್ತೆ ತಲೆ ಕೊಡವಿದರು. "ಒಂದು ದಿನ ಮಂಪರು ಯಾರಿಗೆ ಬರಲ್ಲ? ಆಯ್ತು, ತಗೊಂಡು ಬಾ ಆ ಯಂತ್ರ. ಇವತ್ತೂ ಸರಿ ಬಂದ್ರೆ ಇಬ್ಬರೂ ಬಾಯಿ ಮುಚ್ಕೊಂಡಿರ್ಬೇಕು."

ತಮ್ಮ ಹೋಗಿ ಯಂತ್ರ ತಂದ. ನಡೆದದ್ದನ್ನು ಕೇಳಿ ಡಾಕ್ಟರು ಆ ಎಡ ಮಗ್ಗುಲನ್ನು ನೋಡಿಯೂ ಕಾರಣ ಕೇಳದೆ ಬಿಟ್ಟೆನಲ್ಲ ಎಂದು ಹಣೆ ಚಚ್ಚಿಕೊಂಡರಂತೆ. ಯಾರೂ ಮುಟ್ಟಬಾರದು, ಅಂಗಾತವೇ ಮಲಗಲಿ, ಒಂದು ಉಸಿರು ಪೂರ್ತಿ ಒಂದು ನಿಮಿಷ ನಿಂತರೆ ಮಾತ್ರ ಎಬ್ಬಿಸಿ ಎಂದು ಹೇಳಿ ಕಳಿಸಿದ್ದರು.

ಆ ರಾತ್ರಿ ನಾನು ಹಾಸಿಗೆಗೆ ಹೋಗಲೇ ಇಲ್ಲ. ಪಕ್ಕದಲ್ಲಿದ್ದರೆ ಕೈ ನನ್ನ ಮಾತು ಕೇಳುವುದಿಲ್ಲ. ಮಂಚದ ಎದುರಿಗೆ ಕುರ್ಚಿ ಹಾಕಿ, ಅಡುಗೆಮನೆಯ ಗಡಿಯಾರವನ್ನು ತಂದು ತೊಡೆಯ ಮೇಲಿಟ್ಟುಕೊಂಡು, ಹೊಲಿಗೆಯ ಅಳತೆ ಬರೆಯುವ ಪುಸ್ತಕ ತೆರೆದು ಕೂತೆ. ಹತ್ತು ನಿಮಿಷಕ್ಕೆಲ್ಲಾ ಗೊರಕೆ ಶುರುವಾಯಿತು. ಆಮೇಲೆ ನಿಂತಿತು.

ಎದೆ ಏಳುತ್ತಿತ್ತು, ಹೊಟ್ಟೆ ಎಳೆಯುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಹತ್ತೊಂಬತ್ತು ಸೆಕೆಂಡು. ನೀರಿನಿಂದ ಮೇಲೆದ್ದವರ ಹಾಗೆ ಒಂದು ಸಲ ಗಾಳಿ ಎಳೆದುಕೊಂಡರು, ಮತ್ತೆ ಗೊರಕೆ. ಬರೆದುಕೊಂಡೆ. ಇಪ್ಪತ್ತಾರು. ಮೂವತ್ತೊಂದು. ಇಪ್ಪತ್ತೆರಡು. ಇಷ್ಟು ವರ್ಷ ಇದನ್ನು ನಾನು ಕತ್ತಲಲ್ಲಿ, ಅರೆನಿದ್ದೆಯಲ್ಲಿ ನೂಕಿ ನೂಕಿ ದಾಟಿಸಿದ್ದೆ. ಕಣ್ಣಿಟ್ಟು ನೋಡಿದ್ದು ಆವತ್ತೇ ಮೊದಲು. ಎರಡೂ ಕೈಯನ್ನು ತೊಡೆಯ ಕೆಳಗೆ ತುರುಕಿಕೊಂಡೆ. ಬರೆಯುವುದಕ್ಕೆ ಒಂದು ಕೈ ತೆಗೆದರೆ ಅದು ಮಂಚದ ಕಡೆಗೇ ಹೋಗುತ್ತಿತ್ತು.

ಮೂರು ಗಂಟೆ ದಾಟಿದ ಮೇಲೆ ಒಂದು ಉಸಿರು ನಿಂತದ್ದು ಬರಲೇ ಇಲ್ಲ. ನಲವತ್ತು. ತುಟಿಯ ಬಣ್ಣ ಬದಲಾಯಿತು. ನಲವತ್ತೆಂಟು. ಬೆರಳು ಹಾಸಿಗೆಯನ್ನು ಕೆರೆಯುತ್ತಿತ್ತು. ಗಡಿಯಾರ ಹಿಡಿದುಕೊಂಡೇ ಎದ್ದು ನಿಂತೆ. ಈಗ ಮುಟ್ಟಿದರೆ ನಾಳೆ ಹತ್ತುತ್ತಾರೆ, ಮುಟ್ಟದಿದ್ದರೆ ಈಗಲೇ ಹೋಗುತ್ತಾರೆ ಎಂದು ತಲೆ ಹೇಳುತ್ತಿತ್ತು. ಐವತ್ತೈದು. ನಾನು ಅಳುತ್ತಿದ್ದೆ. ಐವತ್ತೆಂಟಕ್ಕೆ ಇವರ ಇಡೀ ಮೈ ಮಂಚದಿಂದ ಜಿಗಿದಂತಾಗಿ ಉಸಿರು ಬಂತು. ಕಣ್ಣು ಸಹ ಬಿಡಲಿಲ್ಲ ಮಹಾರಾಯರು, ಮತ್ತೆ ಗೊರಕೆ ಹೊಡೆದರು.

ಬೆಳಿಗ್ಗೆ ಆರೂವರೆಗೆ ಎದ್ದು ಕೂತು ಮೂಗಿನ ಕೊಳವೆ ತೆಗೆದು, ಹಣೆ ಒತ್ತಿಕೊಳ್ಳುತ್ತಾ ನನ್ನನ್ನು ನೋಡಿದರು.

"ಇಪ್ಪತ್ತೆರಡು ವರ್ಷದಲ್ಲಿ ಇವತ್ತೇ ಕಣೇ ನೀನು ನನ್ನನ್ನ ನೆಮ್ಮದಿಯಾಗಿ ಮಲಗೋಕೆ ಬಿಟ್ಟಿದ್ದು" ಎಂದರು. "ಒಂದೇ ನಿದ್ದೆ. ನೋಡಿದ್ಯಾ, ಏನೂ ಇಲ್ಲ ನಂಗೆ."

ಪುಸ್ತಕವನ್ನು ಅವರ ಕೈಗೆ ಕೊಟ್ಟೆ. ಏಳು ಪುಟ ತಿರುವಿದರು.

"ಇದೇನು, ಯಾರ ಅಳತೆ?"

"ನಿಮ್ಮದೇ. ಉಸಿರಿಲ್ಲದೆ ಇದ್ದ ಸೆಕೆಂಡು."

ಅವರು ನಗುವುದಕ್ಕೆ ಹೋದರು. ಐವತ್ತೆಂಟರ ಮೇಲೆ ಬೆರಳಿಟ್ಟು, "ಇಷ್ಟು ಹೊತ್ತು ಯಾರು ಇರ್ತಾರೆ, ಸುಳ್ಳು" ಎಂದರು. ಆಮೇಲೆ ಅವರೇ ಗಡಿಯಾರ ಎತ್ತಿಕೊಂಡು, ಮೂಗು ಹಿಡಿದು, ಬಾಯಿ ಮುಚ್ಚಿ ಮುಳ್ಳನ್ನೇ ನೋಡುತ್ತಾ ಕೂತರು. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಮೂವತ್ನಾಲ್ಕಕ್ಕೆ ಕೈ ಬಿಟ್ಟು ಏದುಸಿರು ಬಿಟ್ಟರು.

"ನೀನು ನೋಡ್ತಾ ಕೂತಿದ್ಯಾ?" ಎಂದು ಕೇಳಿದರು. ಅವರ ದನಿಯಲ್ಲಿ ಅಂಥ ಹೆದರಿಕೆಯನ್ನು ನಾನು ಕೇಳಿದ್ದಿಲ್ಲ.

"ಹೂಂ."

ಬೆರಳಿನ ಕ್ಲಿಪ್ಪನ್ನು ಕೂಡ ತೆಗೆಯದೆ ತಮ್ಮನಿಗೆ ಫೋನು ಹಚ್ಚಿದರು.

"ಇವತ್ತು ನಾನು ಹತ್ತಲ್ಲ ಕಣೋ" ಎಂದರು. "ನಿದ್ದೆ ಕಾಯಿಲೆ ಅಂತಾನೇ ಬರೆಸು."