ಸ್ಯಾಂಪಲ್ ಫ್ಲ್ಯಾಟಿನ ಒಲೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಬಾಗಿಲಿನಿಂದ ಅನ್ನುತ್ತೀರಿ. ಬಾಗಿಲಿಗೆ ಮೊದಲು ಮನೆ ಬೇಕಲ್ಲ ಸ್ವಾಮಿ? ಇದು ಮನೆ ಸಿಗದವರ ಕಥೆ.

ಮೊದಲ ಡ್ರಾಫ್ಟಿನಲ್ಲಿ ‘ಪುಣೆಯ ಮೇಲೆ ಹೊನ್ನಿನ ಸಂಜೆ ಇಳಿಯುತ್ತಿತ್ತು’ ಎಂದು ಬರೆದು, ನನಗೇ ನಾಚಿಕೆಯಾಗಿ ಹರಿದು ಹಾಕಿದೆ. (ಪುಣೆಯಲ್ಲಿ ಇಳಿಯುವುದು ಸಂಜೆ ಮಾತ್ರ. ಮನೆಯ ರೇಟು ಇಳಿದದ್ದನ್ನು ಕಂಡವರಿಲ್ಲ.)

೨

ಶಿವರಾಜ ಮಾರ್ಕೆಟ್ ಯಾರ್ಡಿನ ಅಡತಿ ಅಂಗಡಿಯಲ್ಲಿ ಗುಮಾಸ್ತ. ಹೆಂಡತಿ ಶೈಲಾ ಬ್ಲೌಸ್ ಹೊಲಿಯುತ್ತಾಳೆ. ತಾಯಿ ಕಲ್ಲವ್ವ. ಮೂವರೂ ಯಾರ್ಡಿಗೆ ಹತ್ತಿರದ ಬಿಬವೇವಾಡಿಯ ಬಾಡಿಗೆ ಮನೆಯಲ್ಲಿದ್ದಾರೆ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದು, ತಿಂಗಳ ಕೊನೆಗೆ ಖಾಲಿ ಮಾಡಿ ಎಂದಿದ್ದಾರೆ ಮಾಲೀಕರು. ಈ ಸಲ ಸ್ವಂತ ಮನೆಯೇ ಆಗಬೇಕೆಂದು ಶೈಲಾಳ ಹಟ. ಮನೆ ಬದಲಿಸಿದಾಗಲೆಲ್ಲ ಅವಳ ಗಿರಾಕಿಗಳು ಕೈಬಿಟ್ಟು ಹೋಗುತ್ತಾರೆ.

“ರೀ ಲೇಖಕರ,” ಅವಳೇ ನಡುವೆ ಬಾಯಿ ಹಾಕಿದಳು, “ಬರಿಯವ್ರು ನೀವ. ಬಿಬವೇವಾಡಿಯೊಳಗ ಒಂದು ಟೂ ಬಿಎಚ್‌ಕೆ ಬರದ ಬಿಡ್ರಲ್ಲ. ನಿಮ್ಮ ಗಂಟೇನ್ ಹೋಗ್ತದ?”

“ಓದುಗರು ನಂಬಲ್ಲ ತಂಗಿ. ದೆವ್ವ ಬಂತು ಅಂದರೆ ನಂಬುತ್ತಾರೆ, ಗಿಳಿ ಮಾತಾಡಿತು ಅಂದರೆ ನಂಬುತ್ತಾರೆ. ಗುಮಾಸ್ತ ಬಿಬವೇವಾಡಿಯಲ್ಲಿ ಫ್ಲ್ಯಾಟ್ ಕೊಂಡ ಅಂದರೆ ಪುಸ್ತಕ ಮುಚ್ಚಿಬಿಡುತ್ತಾರೆ.”

“ಭಾಳ ಜುಗ್ಗ ಅದೀರಿ ಬಿಡ್ರಿ,” ಎಂದಳು.

೨ (ಮತ್ತೆ. ಮೂರಕ್ಕೆ ಹೋಗಲು ಬಜೆಟ್ ಸಾಲದು.)

ಸರಿ, ಕಥೆಯನ್ನೇ ಊರಂಚಿನ ಹಡಪಸರಕ್ಕೆ ಒಯ್ದೆ. ಅಲ್ಲಿನ ರೇಟು ಕೇಳಿ ಶಿವರಾಜ ಬಂದ ದಾರಿಗೇ ತಿರುಗಿದ. ಸೋಲಾಪುರ ಹೈವೇ ಹಿಡಿದು ಇನ್ನೂ ಮುಂದಕ್ಕೆ ಒಯ್ದೆ. ‘ಹಡಪಸರದ ಪಕ್ಕದಲ್ಲೇ’ ಎಂದಿತ್ತು ಜಾಹೀರಾತು. ಇಂದಾಪುರದ ಎಸ್‌ಟಿ ಬಸ್ಸು ಹತ್ತಿ ಹೋದೆವು; ಎಷ್ಟು ಹೊತ್ತಾದರೂ ಆ ಪಕ್ಕ ಬರಲೇ ಒಲ್ಲದು.

ಕೊನೆಗೂ ಕಬ್ಬಿನ ಹೊಲದ ನಡುವೆ ಒಂದೇ ಒಂದು ಫ್ಲ್ಯಾಟು ಕಂಡಿತು, ನೆಲದ ಮೇಲೆ. ಅದು ಸ್ಯಾಂಪಲ್. ಉಳಿದ ಕಟ್ಟಡ ಇನ್ನೂ ಬ್ರೋಷರ್‌ನಲ್ಲೇ ಇತ್ತು. ತೋರಿಸಲು ಬಂದ ಸೇಲ್ಸಿನ ಮಿಥುನ ಉಡುಪಿ ಕಡೆಯ ಹೋಟೆಲಿನವರ ಮಗ. ಕನ್ನಡ ಕೇಳಿದ್ದೇ ಹಿಗ್ಗಿಹೋದ.

ಇಲ್ಲೊಂದು ಎಡವಟ್ಟಾಯಿತು. (ನನ್ನ ಪ್ಲಾಟಿನಲ್ಲಿ ಇದು ಇರಲಿಲ್ಲ, ಆಣೆಗೂ.) ‘ಮನಿ ನೋಡಾಕ ಹೊಂಟೀವಿ’ ಎಂದ ಮಗನ ಮಾತಿಗೆ, ಮನೆ ಆಗಿಯೇಹೋಯಿತೆಂದು ಕಲ್ಲವ್ವ ತಿಳಿದುಬಿಟ್ಟಿದ್ದಳು. ಹೊಸ ಮನೆಗೆ ಕಾಲಿಟ್ಟವರು ಮೊದಲು ಹಾಲು ಉಕ್ಕಿಸಬೇಕಲ್ಲ? ನಾವು ಬಾಲ್ಕನಿಯಲ್ಲಿ ರೇಟಿಗೆ ಗುದ್ದಾಡುತ್ತಿದ್ದರೆ, ಅವಳು ಅಡುಗೆಮನೆಯ ಒಲೆಗೆ ಅರಿಷಿಣ ಕುಂಕುಮ ಹಚ್ಚಿ, ಚೀಲದಿಂದ ತೆಗೆದ ಬೋಗುಣಿಯಲ್ಲಿ ಹಾಲಿಟ್ಟು, ಒಲೆಯ ಗುಂಡಿ ತಿರುವುತ್ತ ನಿಂತಿದ್ದಳು.

“ಅಯ್ಯೋ ಅಮ್ಮ, ಅದು ಬರೀ ಶೋಗೆ ಇಟ್ಟದ್ದು ಮಾರಾಯ್ರೆ! ಅದ್ರಲ್ಲಿ ಗ್ಯಾಸ್ ಇಲ್ಲ!” ಮಿಥುನ ಓಡಿಬಂದ.

“ಒಲಿ ಹತ್ತೂದಿಲ್ಲಂದ್ರ ಇದೆಂಥಾ ಮನಿಯಪ್ಪಾ?”

“ಮನೆ ಅಲ್ಲಮ್ಮ, ಸ್ಯಾಂಪಲ್. ಮನೆ ಡಿಸೆಂಬರಿಗೆ ಸಿಗ್ತದೆ.”

“ಯಾವ ಡಿಸೆಂಬರ್‌ರೀ?” ಎಂದಳು ಶೈಲಾ.

“ಅದು ಮಾತ್ರ ನಂಗೂ ಗೊತ್ತಿಲ್ಲ ಅಕ್ಕ.”

ಶಿವರಾಜ ತಲೆ ತಗ್ಗಿಸಿ, “ನಡೀಬೇ ಯವ್ವಾ, ಹೋಗೂಣು,” ಎಂದ. ಮಿಥುನ ಒಳ್ಳೆಯ ಹುಡುಗ. ಆಫೀಸಿನಲ್ಲಿ ಚಹಾದ ಒಲೆ ಉಂಟು, ಅಲ್ಲಿ ಉಕ್ಕಿಸಿ ಕೊಡುತ್ತೇನೆ ಎಂದ.

“ಅಲ್ಲಿ ಉಕ್ಕಿದ್ರ ಆ ಆಫೀಸು ನಮ್ಮದಾಗ್ತದೇನೋ ತಮ್ಮಾ?” ಎಂದು ಕಲ್ಲವ್ವ ಬೋಗುಣಿ ಮುಂದಿಟ್ಟುಕೊಂಡು ನೆಲಕ್ಕೆ ಕೂತಳು. ಇದನ್ನು ತಮಾಷೆಯಾಗಿ ಬರೆಯೋಣವೆಂದೇ ಕೂತಿದ್ದೆ. ನಿಜ ಹೇಳುತ್ತೇನೆ, ಬರೆದಿದ್ದ ಎರಡು ಜೋಕು ಹೊಡೆದು ಹಾಕಿದೆ.

೭ (ನಡುವಿನ ಅಂಕಿಗಳೆಲ್ಲ ಪಾರ್ಕಿಂಗಿಗೆ ಹೋದವು.)

ಈಗ ಮುಕ್ತಾಯ. ಒಂದು: ಬಿಲ್ಡರನ ಮನ ಕರಗಿ ಅರ್ಧ ರೇಟಿಗೇ ಕೊಟ್ಟ. (ಬರೆದು ನಾನೇ ನಕ್ಕೆ.)

ಇನ್ನೊಂದು: ಸಾಲಸೋಲ ಮಾಡಿ ಇಲ್ಲೇ ಕೊಂಡರು. ಶಿವರಾಜ ಕೆಲಸದಿಂದ ಮನೆ ಮುಟ್ಟುವಷ್ಟರಲ್ಲಿ ಮತ್ತೆ ಕೆಲಸಕ್ಕೆ ಹೊರಡುವ ಹೊತ್ತಾಗುತ್ತಿತ್ತು.

“ಮತ್ತ ನಾನು? ಈ ಕಬ್ಬಿಗೆ ಬ್ಲೌಸ್ ಹೊಲೀಲೇನ್ರಿ?” ಎಂದಳು ಶೈಲಾ.

ಅದನ್ನೂ ಹೊಡೆದು ಹಾಕಿದೆ. ಉಳಿದದ್ದು ಒಂದೇ. ತಿಂಗಳ ಕೊನೆ, ಟೆಂಪೊ, ಇನ್ನೊಂದು ಬಾಡಿಗೆ ಮನೆ. ಬರೆಯಹೊರಟವನ ಕೈಯನ್ನು ಶೈಲಾ ಹಿಡಿದುಕೊಂಡಳು. ಈ ಸಲ ದನಿಯಲ್ಲಿ ಜಗಳ ಇರಲಿಲ್ಲ.

“ಮುಗಸಬ್ಯಾಡ್ರಿ. ಕಥಿ ಮುಗೀತಂದ್ರ ಇದರೊಳಗಿಂದನೂ ನಾವು ಖಾಲಿ ಮಾಡಬೇಕಲ್ರಿ?”

ನಾನು ಪೆನ್ನಿನ ಮುಚ್ಚಳ ಹಾಕಿದೆ. ಬೋಗುಣಿಯ ಮುಂದೆ ಇನ್ನೂ ಕೂತೇ ಇದ್ದ ಅತ್ತೆಯ ಪಕ್ಕ ಅವಳೂ ಹೋಗಿ ಕೂತಳು, ಶಿವರಾಜ ಕೂಡ. ಎಬ್ಬಿಸಲು ನಾನ್ಯಾರು? ನಾನು ಎದ್ದು ಹೊರಗೆ ಬಂದೆ. ಓದುಗರೇ, ಈ ಸಾಲಿನ ಕೆಳಗೆ ಒಂದಿಷ್ಟು ಜಾಗ ಬಿಟ್ಟಿದ್ದೇನೆ. ಖಾಲಿ ಕಾಣುತ್ತದೆಂದು ಬಾಡಿಗೆಗೆ ಯಾರಿಗೂ ತೋರಿಸಬೇಡಿ, ಅಲ್ಲಿ ಜನ ಇದ್ದಾರೆ