ಸಿಂದಿ ಅಂಗಡಿಯ ಕೆಂಪು ಬಾವುಟ

ಗಂಡ ಸಾಯಬಾರದು, ನಿಂಬೆವ್ವಗ ಬೇಕಾದದ್ದು ಇಷ್ಟ. ಮಾಳಿಂಗಪ್ಪ ರಕ್ತ ಕಾರಿಕೊಂಡು ಬಿದ್ದಾಗ ಹಕೀಮ ಉಸ್ಮಾನಸಾಬ ನಾಡಿ ಹಿಡಿದು, "ಇನ್ನ ಸಿಂದಿ ಮುಟ್ಟಿದ್ರ ಕುಣಿ ತೋಡಸ್ರಿ" ಅಂತ ಕಡ್ಡಿ ಮುರದಂಗ ಹೇಳಿದ್ದ. ಮಾಳಿಂಗಪ್ಪನೂ ಹೆಂಡತಿ ತಲಿ ಮುಟ್ಟಿ ಆಣಿ ಮಾಡಿದ್ದ.

ಆದ್ರ ಆ ಹಾಳ ಬಾವುಟ! ಅತನೂರಿನ ಸಿಂದಿ ಅಂಗಡಿಗೆ ಹಸಿ ಹೆಂಡದ ಗಡಿಗಿ ಬಂದ ಕೂಡ್ಲೇ ಗುತ್ತೇದಾರ ರೇವಣಪ್ಪ ಎತ್ತರದ ಗಳಕ್ಕ ಕೆಂಪು ಬಾವುಟ ಏರಸ್ತಿದ್ದ. ಎಲ್ಲಾ ಹೊಲಕ್ಕೂ ಕಾಣಬೇಕು, ಮಂದಿ ಕುಡಗೋಲು ಒಗದು ಓಡಿ ಬರಬೇಕು, ಅದೇ ಅವನ ಹಂಚಿಕಿ. ಅದನ್ನ ಕಂಡ್ರ ಸಾಕು, ಮಾಳಿಂಗಪ್ಪನ ಕಾಲು ಅಂಗಡಿ ಕಡಿ ತಿರಗತಿದ್ವು.

"ಅದನ್ನ ಇಳಸ್ರಿ ಯಪ್ಪಾ, ನನ್ನ ಕುಂಕುಮ ಉಳಸ್ರಿ" ಅಂತ ನಿಂಬೆವ್ವ ಸೆರಗೊಡ್ಡಿದ್ಲು.

"ಬಾವುಟೇನು ಬಾಯಾಗ ಸುರಿತದೇನ ಬೇ?" ಅಂತ ರೇವಣಪ್ಪ ಹಲ್ಲು ಕಿಸದ. ಅವನ ಬಾಯಾಗ ಮಣ್ಣ ಬೀಳ್ಲಿ!

ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದು, ನಿಜಾಮನ ಸೀಮಿಗೆ ಮಾತ್ರ ಬಾರದ ವರ್ಷ ಅದು. ಮೂರು ಬಣ್ಣದ್ದಾಗಲಿ, ಕಮ್ಯುನಿಸ್ಟರ ಕೆಂಪಂದಾಗಲಿ, ಬಾವುಟ ಏರಿಸಿದವರನ್ನ ಜೇಲಿಗೆ ನೂಕತಿದ್ರು. ನಿಂಬೆವ್ವ ನೆಟ್ಟಗ ಪೊಲೀಸ್ ಪಾಟೀಲನ ಮನಿಗೆ ಹೋದ್ಲು.

"ಗೌಡ್ರ, ನಾಳಿ ನಿಜಾಮನ ಫೌಜಿನವರು ಬಂದು ಈ ಕೆಂಪು ಬಾವುಟ ಯಾವ ಪಕ್ಷದ್ದು ಅಂದ್ರ ಏನ ಹೇಳ್ತೀರಿ?"

ಪಾಟೀಲನ ಎದಿ ಧಸಕ್ಕಂತು. ಹೊತ್ತು ಮುಳಗೋದ್ರಾಗ ಗಳ ಸಮೇತ ಕೀಳಸಿದ. ನಿಂಬೆವ್ವಗ ಸ್ವರ್ಗ ಮೂರೇ ಗೇಣು. ಓಣಿಗೆಲ್ಲ ಬೆಲ್ಲ ಹಂಚಿದ್ಲು.

ರೇವಣಪ್ಪ ಏನು ಕೈಕಟ್ಟಿ ಕೂಡೋ ಆಸಾಮಿಯೇ? ಬಾವುಟ ಇಲ್ಲಂದ್ರ ಅವಗ ಒಂದು ದನಿ ಬೇಕಾತು. ಮೊಹರಂದಾಗ ಅಲಾಯಿ ಪದ ಹಾಡಿದ್ರ ಹೊಲದ ತುದಿತನಕ ಮುಟ್ಟೋ ದನಿ ಊರಾಗ ಒಬ್ಬಂದೇ ಇತ್ತು.

ಮರುದಿನ ಮಧ್ಯಾಹ್ನ ನಿಂಬೆವ್ವ ಜ್ವಾಳದ ಹೊಲದಾಗ ಕಳೆ ಕೀಳಾಕತ್ತಿದ್ಲು. ಊರ ಕಡಿಂದ ಕೂಗು ಬಂತು: "ಬರ್ರೀ ಬರ್ರೀ, ಹಸಿ ಸಿಂದಿ ಬಂದದ ಬರ್ರೀ!"

ಗಂಡನ ದನಿ! ಅಯ್ಯೋ ಶಿವನೇ ಅಂತ ಎದಿ ಬಡಕೋತ ಓಡಿದ್ಲು. ಅಂಗಡಿ ಕಟ್ಟಿ ಮ್ಯಾಲೆ ಮಾಳಿಂಗಪ್ಪ ನಿಂತಿದ್ದ, ಕೈಯಾಗ ಗಡಿಗಿ. ಕೂಗಿದ್ದಕ್ಕ ಅದೇ ಕೂಲಿ.

"ಆಣಿ ಮಾಡಿದ್ದಿ!" ಅಂತ ಚೀರಿದ್ಲು.

"ಏನ ಮಾಡ್ಲಿ ಬೇ, ರೇವಣಪ್ಪ ಮನಿಗೇ ಬಂದು ಕರದ" ಅಂದ. ಮಾರಿ ಮ್ಯಾಲೆ ನಾಚಿಕಿ ಇತ್ತು, ತುಟಿ ಮಾತ್ರ ಮತ್ತ ಗಡಿಗಿಗೇ ಹೋತು.

ಮತ್ತ ಕೂಗಾಕ ಬಾಯಿ ತೆರದ. ನಿಂಬೆವ್ವ ಎರಡೂ ಕೈಲೆ ಅವನ ಬಾಯಿ ಮುಚ್ಚಿದ್ಲು. ಬೆರಳ ಸಂದಿಲೆ ಬೆಚ್ಚಗ ರಕ್ತ ಇಳೀತು.

ಕೂಗು ಕೇಳಿದ ಮಂದಿ ಆಗಲೇ ಹೊಲ ಬಿಟ್ಟು ಬಂದು ನಿಂತಿದ್ರು. ಹಿಂದಿನಿಂದ ಯಾರೋ ಅಂದ್ರು, "ಅತ್ತಾಗ ಸರದು ಅಳು ಬೇ ತಂಗಿ, ಗಡಿಗಿ ಖಾಲಿ ಆಗ್ತಾವು."