ನಲವತ್ತರ ಷರತ್ತು

ನಮ್ಮ ಬೀರ್ ಹಮ್ದ್ ಊರು ಹೆದ್ದಾರಿಯ ಈ ಕಡೆ, ಸರ್ಕಾರಿ ಆಸ್ಪತ್ರೆ ಮತ್ತು ರೊಟ್ಟಿಯಂಗಡಿ ಆ ಕಡೆ. ಮೊದಲು ಊರಿನೆದುರೇ ರಸ್ತೆಯ ನಡುವೆ ದಾಟಲು ದಾರಿ ಬಿಟ್ಟಿದ್ದರು. ರಾಜಧಾನಿ ಅಮ್ಮಾನಿನಿಂದ ಬಂದ ಎಂಜಿನಿಯರುಗಳು ಅಲ್ಲಿ ಕಾಂಕ್ರೀಟ್ ದಿಮ್ಮಿಗಳನ್ನು ಇಳಿಸಿ ಮುಚ್ಚಿದರು. ಆ ಕಡೆಗೆ ಹೋಗಬೇಕಾದವರು ದಕ್ಷಿಣಕ್ಕೆ ದೂರದಲ್ಲಿರುವ ಕಲ್ಲುಕ್ವಾರಿಯವರೆಗೆ ಹೋಗಿ ತಿರುಗಿಸಿಕೊಂಡು ಬನ್ನಿ ಎಂದರು. ಅದು ಸಾಲದು ಎಂಬಂತೆ, ನೂರಹತ್ತು ಇದ್ದ ವೇಗದ ಮಿತಿಯನ್ನು ಅರವತ್ತಕ್ಕೆ ಇಳಿಸಿ ಫಲಕ ನೆಟ್ಟು ಹೋದರು.

ಚಾಲಕರಿಗೆ ಮೈಯೆಲ್ಲ ಉರಿ. ಎಲ್ಲರಿಗಿಂತ ಹೆಚ್ಚು ಉರಿದವನು ಮಿನಿ ಬಸ್ಸಿನ ಮುಫ್ಲಿಹ್. ನಾನು ಮೊಟ್ಟೆ ಬುಟ್ಟಿ ಇಟ್ಟುಕೊಂಡು ಸಂತೆಗೆ ಹೋಗುತ್ತಿದ್ದದ್ದು ಅವನ ಬಸ್ಸಿನಲ್ಲೇ.

"ಅರವತ್ತಂತೆ ಚಿಕ್ಕಮ್ಮ! ವಿಮಾನ ಇಳಿಸೋ ಹಂಗಿದೆ ರಸ್ತೆ. ಇದರಲ್ಲಿ ಅರವತ್ತರಲ್ಲಿ ಹೋದ್ರೆ ಒಂಟೆನೂ ನನ್ನ ಮುಖ ನೋಡಿ ನಗುತ್ತೆ."

ಪೊಲೀಸರ ರಾಡಾರ್ ಗಾಡಿ ಕಾಫಿ ಗೂಡಂಗಡಿಯ ಮರೆಯಲ್ಲಿ ನಿಂತಿರುತ್ತಿತ್ತು. ಎದುರಿನಿಂದ ಬರುವವರು ಎರಡು ಸಲ ದೀಪ ಮಿಣುಕಿಸಿದರೆ ಮುಂದೆ ರಾಡಾರ್ ಇದೆ ಎಂದರ್ಥ. ಜಗಳವಾಡಿಕೊಂಡ ಅಣ್ಣತಮ್ಮಂದಿರು ಕೂಡ ಒಬ್ಬರಿಗೊಬ್ಬರು ದೀಪ ಮಿಣುಕಿಸುವುದನ್ನು ತಪ್ಪಿಸುತ್ತಿರಲಿಲ್ಲ. ದೀಪ ಕಂಡೊಡನೆ ಎಲ್ಲರೂ ಅರವತ್ತಕ್ಕೆ ಇಳಿಯುತ್ತಿದ್ದರು. ಗೂಡಂಗಡಿ ದಾಟಿದ ಮೇಲೆ ಕಳೆದುಹೋದ ಹೊತ್ತನ್ನು ಹಿಡಿಯಲು ಮೊದಲಿಗಿಂತ ಜೋರಾಗಿ ಓಡಿಸುತ್ತಿದ್ದರು. ಆ ಕಾಂಕ್ರೀಟ್ ದಿಮ್ಮಿಗಳು ಇದ್ದದ್ದು ಗೂಡಂಗಡಿ ದಾಟಿದ ಮೇಲೆಯೇ.

ಹಾಜಿ ಹಾಯೆಲರ ಕಿರಿಮಗ ರಾಕಾನ್ ರೊಟ್ಟಿ ಹಿಡಿದುಕೊಂಡು ದಿಮ್ಮಿಯ ಮೇಲಿಂದ ಧುಮುಕಿದ. ಮುಫ್ಲಿಹ್ ಆಗಷ್ಟೇ ರಾಡಾರ್ ದಾಟಿ ಕಾಲು ಒತ್ತಿದ್ದ. ರೊಟ್ಟಿ ಒಂದು ಕಡೆ ಬಿತ್ತು, ಹುಡುಗ ಇನ್ನೊಂದು ಕಡೆ.

ಮುಫ್ಲಿಹನ ಕಡೆಯ ಹಿರಿಯರು ಶೇಖ್ ನವಾಫರನ್ನು ಮುಂದಿಟ್ಟುಕೊಂಡು ರಾಜಿ ಕೇಳಲು ಹಾಜಿಯ ಡೇರೆಗೆ ಹೋದರು. ಮುಂದೆ ಇಟ್ಟ ಕಾಫಿಯನ್ನು ಶೇಖರು ಮುಟ್ಟಲಿಲ್ಲ. ಕೇಳಿದ್ದು ಸಿಗುವವರೆಗೆ ಕುಡಿಯುವ ಹಾಗಿಲ್ಲ. ಹಾಜಿ ಕ್ಷಮಿಸುತ್ತಾರೆ, ಇಲ್ಲವೇ ಮುಫ್ಲಿಹನನ್ನು ಊರು ಬಿಡಿಸುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು.

"ದುಡ್ಡು ಬೇಡ," ಎಂದರು ಹಾಜಿ. "ಊರೂ ಬಿಡೋದು ಬೇಡ. ಇದೇ ರಸ್ತೇಲಿ ಇದೇ ಬಸ್ಸು ಓಡಿಸ್ತಾ ಇರಲಿ. ಆದ್ರೆ ಸ್ಪೀಡಿನ ಮುಳ್ಳು ನಲವತ್ತು ದಾಟಬಾರದು. ಬೇಕಾದಾಗ ನಾನು ಪಕ್ಕದಲ್ಲಿ ಕೂತು ನೋಡ್ತೀನಿ."

ಶೇಖರು ಮೆಲ್ಲಗೆ ಕೇಳಿದರು: "ಹಾಜಿ, ಯಾರಿಗಾದ್ರೂ ಜೀವದ ಮೇಲೆ ಬಂದ್ರೆ?"

"ಯಾರ ಹೆರಿಗೇನೇ ಆಗಲಿ, ಯಾರ ಸಾವೇ ಆಗಲಿ. ನನ್ನ ಮಗನಿಗೆ ಯಾರು ನಿಧಾನ ಮಾಡಿದ್ರು?"

ಶೇಖರು ತಮ್ಮ ಮುಖದ ಮೇಲೆ ಕೈಯಿಟ್ಟು ಜಾಮೀನು ನಿಂತರು. ಮುಫ್ಲಿಹ್ ಮುಳ್ಳು ದಾಟಿಸಿದರೆ ಮಸಿ ಬಳಿಯುವುದು ಶೇಖರ ಮುಖಕ್ಕೆ. ಹಾಜಿ ಬಾಯಿಬಿಟ್ಟು ಷರತ್ತು ತೆಗೆದರಷ್ಟೇ ಬಿಡುಗಡೆ. ಕಾಫಿ ಕುಡಿದರು. ಹಿಂದೆ ಕೂತ ಚಾಲಕರು ತಲೆವಸ್ತ್ರದ ಮರೆಯಲ್ಲಿ ನಕ್ಕರು.

ಅಲ್ಲಿಂದ ಶುರುವಾಯಿತು. ಹಾಜಿ ದಿನಾ ಬೆಳಿಗ್ಗೆ ಮುಂದಿನ ಸೀಟಿನಲ್ಲಿ ಊರುಗೋಲು ಹಿಡಿದು ಕೂರುತ್ತಿದ್ದರು. ಮುಳ್ಳು ಅಲ್ಲಾಡಿದರೆ ಕೋಲಿನ ತುದಿಯಿಂದ ಮೀಟರಿನ ಗಾಜಿನ ಮೇಲೆ, ನಲವತ್ತರ ಮೇಲೆ, ಟಕ್ ಟಕ್ ಎಂದು ಬಡಿಯುತ್ತಿದ್ದರು. ಬಾಯಿ ಬಿಡುತ್ತಿರಲಿಲ್ಲ. ಹಿಂದಿನಿಂದ ಬರುವ ಲಾರಿಗಳು ಹಾರ್ನ್ ಹೊಡೆದು ಬೈದುಕೊಂಡು ಹೋಗುತ್ತಿದ್ದವು. ಎದುರಿನವರು ಬೇಕೆಂದೇ ದೀಪ ಮಿಣುಕಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದರು.

"ಮುಫ್ಲಿಹ್, ಮುಂದೆ ರಾಡಾರ್ ಇದೆ, ಬ್ರೇಕ್ ಹಾಕು!"

"ಹಿಂದೆ ಆಮೆ ಬರ್ತಾ ಇದೆ ಮಾರಾಯ, ದಾರಿ ಬಿಡು!"

ಜನ ಒಬ್ಬೊಬ್ಬರಾಗಿ ಬೇರೆ ಬಸ್ಸು ಹತ್ತಿದರು. ಉಳಿದವರು ನಾನು ಮತ್ತು ಕೆಲವು ಮುದುಕಿಯರು. ನಲವತ್ತರಲ್ಲಿ ನನ್ನ ಒಂದು ಮೊಟ್ಟೆಯೂ ಒಡೆಯುತ್ತಿರಲಿಲ್ಲ, ನನಗೇನು ಕಷ್ಟ? ಮುಫ್ಲಿಹನ ಕೆನ್ನೆ ಒಳಗೆ ಹೋಯಿತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ಅವನೂ ಮಾತು ಬಿಟ್ಟ. ಮುಂದೆ ಇಬ್ಬರು ಗಂಡಸರು, ನಡುವೆ ಒಂದು ಮುಳ್ಳು.

ಚಳಿಗಾಲದ ಒಂದು ಬೆಳಿಗ್ಗೆ ಬಸ್ಸು ಊರು ಬಿಟ್ಟು ಹೆದ್ದಾರಿಗೆ ಇಳಿದಿತ್ತಷ್ಟೆ. ಹಾಜಿಯ ಕೋಲು ಕೆಳಗೆ ಬಿತ್ತು. ನೋಡಿದರೆ ಮುಖವೆಲ್ಲ ಬೆವರು, ಎದೆ ಹಿಡಿದುಕೊಂಡಿದ್ದಾರೆ, ತುಟಿ ನೀಲಿ. ಆಸ್ಪತ್ರೆ ಕಣ್ಣೆದುರೇ ಇತ್ತು, ದಿಮ್ಮಿಗಳ ಆಚೆ. ಬಾಗಿಲಲ್ಲಿ ಸಿಗರೇಟು ಸೇದುತ್ತಿದ್ದ ಕಾವಲುಗಾರ ಕೂಡ ಕಾಣುತ್ತಿದ್ದ.

"ನಿಲ್ಲಿಸಪ್ಪ, ಎತ್ಕೊಂಡು ದಾಟೋಣ!" ಎಂದಳು ಒಬ್ಬಳು.

"ಆ ಲಾರಿಗಳ ಮಧ್ಯೆಯಾ?" ಎಂದೆ. "ನಾವೂ ಹೋಗ್ತೀವಿ ಅವರ ಜೊತೆಗೆ. ಮುಫ್ಲಿಹ್, ಕ್ವಾರಿಗೆ ಹೊಡಿ. ತಿರುಗಿಸ್ಕೊಂಡು ಬಾ, ಬೇಗ!"

ಹಾಜಿ ಅಂಗೈಯನ್ನು ಮುಂದಕ್ಕೆ ಬೀಸಿದರು. ಬೇಗ ಹೋಗು ಎಂದು.

ಮುಫ್ಲಿಹ್ ಅವರ ಕಡೆ ತಿರುಗಿದ. ಎಷ್ಟೋ ತಿಂಗಳ ಮೇಲೆ ಅವನ ದನಿ ಕೇಳಿದೆ. ಬಹಳ ಮರ್ಯಾದೆಯ ದನಿ.

"ಕೈಯಲ್ಲಿ ಆಗಲ್ಲ ಹಾಜಿ. ಅವತ್ತು ಎಲ್ಲರ ಎದುರು ಬಾಯಲ್ಲಿ ಹೇಳಿದ್ರಿ. ಇವತ್ತೂ ಬಾಯಲ್ಲೇ ಹೇಳಿ. ಷರತ್ತು ತೆಗೆದೆ ಅನ್ನಿ. ಈ ಹೆಂಗಸರು ಸಾಕ್ಷಿ. ಹಕ್ಕಿ ಥರ ಹಾರಿಸ್ಕೊಂಡು ಹೋಗ್ತೀನಿ."

"ಹೇಳಿ ಹಾಜಿ," ಎಂದೆ ನಾನು. "ಒಂದು ಮಾತು. ದೇವರು ಮೆಚ್ಚೋ ಮಾತು."

ಹಾಜಿಯ ತುಟಿ ತೆರೆಯಿತು. ಆಗ ಬಸ್ಸು ಸರಿಯಾಗಿ ದಿಮ್ಮಿಗಳ ಪಕ್ಕದಲ್ಲಿತ್ತು. ಅವರು ಆ ಕಡೆ ನೋಡಿದರು. ಮಗ ಧುಮುಕಿದ ದಿಮ್ಮಿಯ ಮೇಲೆ ಯಾರೋ ಬಿಳಿ ಬಣ್ಣದಲ್ಲಿ ಅವನ ಹೆಸರು ಬರೆದಿದ್ದರು. ತುಟಿ ಮುಚ್ಚಿತು. ಕೋಲು ಕೈಯಲ್ಲಿರಲಿಲ್ಲ. ಬೆರಳು ಚಾಚಿ ಗಾಜಿನ ಮೇಲೆ, ನಲವತ್ತರ ಮೇಲೆ, ಬಡಿದರು.

"ನಿಮ್ಮಿಷ್ಟ," ಎಂದ ಮುಫ್ಲಿಹ್.

ನಾವು ಕೂಗಿದೆವು. ಶಪಿಸಿದೆವು. ಒಬ್ಬಳು ಅವನ ಬೆನ್ನಿಗೆ ಗುದ್ದಿದಳು. ಈ ಹೊತ್ತಿನಲ್ಲಿ ಮಾತು ಮುರಿದರೆ ಶೇಖರೂ ಬೈಯುವುದಿಲ್ಲ, ದೇವರೂ ಬೈಯುವುದಿಲ್ಲ ಎಂದು ನಾನು ಹೇಳಿದೆ. ಅದು ಅವನಿಗೂ ಗೊತ್ತಿತ್ತು. ನಾವು ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದರೆ, ಹಿಂದಿನಿಂದ ಬಂದವರು ಆಮೆ ಬಸ್ಸಿನ ಹೊಸ ತಮಾಷೆ ಎಂದುಕೊಂಡು ಹಾರ್ನ್ ಹೊಡೆದು ನಗುತ್ತಾ ಹೋದರು. ಮುಫ್ಲಿಹ್ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತಿದ್ದ. ನಾನು ಮುಳ್ಳನ್ನೇ ನೋಡುತ್ತಿದ್ದೆ. ದಿನಾ ಒಂದಿಷ್ಟು ಹಿಂದೆ ಮುಂದೆ ಆಗುತ್ತಿದ್ದ ಮುಳ್ಳು ಆ ದಿನ ಮೊಳೆ ಹೊಡೆದ ಹಾಗೆ ನಿಂತಿತ್ತು.

ಕ್ವಾರಿಯಲ್ಲಿ ತಿರುಗಿಸುವಾಗ ಹಾಜಿ ಕಣ್ಣು ಬಿಟ್ಟುಕೊಂಡಿದ್ದರು. ಆಸ್ಪತ್ರೆಗೆ ಬಂದಾಗಲೂ ಬಿಟ್ಟುಕೊಂಡೇ ಇದ್ದರು. ವೈದ್ಯರು ಬಂದು ಮುಚ್ಚಿದರು.

ಸಾವಿನ ಡೇರೆಯಲ್ಲಿ ಮುಫ್ಲಿಹ್ ಮೂರು ದಿನವೂ ಕೂತ. ಬಂದವರಿಗೆ ಕಾಫಿ ಕೊಟ್ಟ. ನಾವು ಹೆಂಗಸರು ಕಂಡದ್ದನ್ನು ಕಂಡ ಹಾಗೆಯೇ ಹೇಳಿದೆವು. ಕೇಳಿದ ಗಂಡಸರು ತಲೆದೂಗಿದರು. "ಮಾತು ಅಂದ್ರೆ ಹಿಂಗೆ ಉಳಿಸ್ಕೋಬೇಕು," ಎಂದರು. "ಹಾಜಿನೂ ಗಂಡಸು, ಇವನೂ ಗಂಡಸು." ಷರತ್ತು ಇನ್ನೂ ಉಳಿದಿದೆಯೇ ಎಂದು ಶೇಖ್ ನವಾಫರು ಹಾಜಿಯ ಹಿರಿಮಗನನ್ನು ಕೇಳಿದರು. ಅವನು ಕಣ್ಣೊರೆಸಿಕೊಂಡು ಹೇಳಿದ: "ಷರತ್ತು ಅಪ್ಪನದ್ದು. ಅಪ್ಪನ ಜೊತೆ ಹೋಯ್ತು."

ನಾಲ್ಕನೆಯ ದಿನ ಬಸ್ಸು ತುಂಬಿತ್ತು. ಬಿಟ್ಟುಹೋಗಿದ್ದವರೆಲ್ಲ ವಾಪಸ್ಸು ಬಂದಿದ್ದರು, ನಿಂತುಕೊಂಡವರೂ ಇದ್ದರು. ಮುಫ್ಲಿಹ್ ಗಡ್ಡ ಬೋಳಿಸಿಕೊಂಡಿದ್ದ.

"ಮುಫ್ಲಿಹ್, ಮೊಟ್ಟೆ ಇದೆ ಮಗಾ, ಸ್ವಲ್ಪ ನೋಡ್ಕೊಂಡು," ಎಂದೆ.

"ಒಡೆದ್ರೆ ಆಮ್ಲೆಟ್ ಮಾಡ್ಕೊಂಡು ತಿನ್ನೋಣ ಚಿಕ್ಕಮ್ಮ!"

ಇಡೀ ಬಸ್ಸು ನಕ್ಕಿತು. ಎದುರಿನಿಂದ ಬಂದ ಲಾರಿಯವನು ಎರಡು ಸಲ ದೀಪ ಮಿಣುಕಿಸಿದ. ಈ ಸಲ ತಮಾಷೆಗಲ್ಲ. ಮುಫ್ಲಿಹ್ ಕೈಯೆತ್ತಿ ಅವನಿಗೆ ಸಲಾಮು ಹೊಡೆದ, ಅರವತ್ತಕ್ಕೆ ಇಳಿಸಿದ, ಸಾಧುವಿನ ಹಾಗೆ ರಾಡಾರ್ ಗಾಡಿಯ ಮುಂದೆ ಹಾದುಹೋದ.

ಮುಂದೆ ದಿಮ್ಮಿಗಳು ಕಾಣುತ್ತಿದ್ದವು. ಒಬ್ಬ ಹೆಂಗಸು ರೊಟ್ಟಿಯ ಗಂಟನ್ನು ಎದೆಗೆ ಒತ್ತಿಕೊಂಡು ಮೇಲೆ ನಿಂತು ಈ ಕಡೆ ಇಳಿಯಲು ಕಾಯುತ್ತಿದ್ದಳು.

ಗೂಡಂಗಡಿ ದಾಟಿತು. ಮುಫ್ಲಿಹ್ ಉದ್ದಕ್ಕೆ ಹಾರ್ನ್ ಹೊಡೆದು ಕಾಲು ಒತ್ತಿದ.